ಹಳೇ ಕಾರು ಕೆಟ್ಟಾಗ ಯಾವ ರಿಪೇರಿ, ಯಾವ ಪಾರ್ಟು, ಯಾರ ಹತ್ತಿರ?

ಹಳೇ ಕಾರು ಇಟ್ಟುಕೊಂಡವರ ಜೇಬಿಗೆ ಕತ್ತರಿ ಬೀಳುವುದು ಹೆಚ್ಚಾಗಿ ಕೆಡದೇ ಇದ್ದ ಪಾರ್ಟನ್ನು ಬದಲಾಯಿಸಿದಾಗ. ಸ್ಟಾರ್ಟ್ ಆಗುತ್ತಿಲ್ಲವಾ, ಬ್ಯಾಟರಿ ಹಾಕಿ. ಬಿಸಿಯಾಗುತ್ತಿದೆಯಾ, ರೇಡಿಯೇಟರ್ ಹಾಕಿ. ಹೊಗೆ ಬರುತ್ತಿದೆಯಾ, ಎಂಜಿನ್ ಇಳಿಸಬೇಕು. ಬಾನೆಟ್ ಎತ್ತುವ ಮೊದಲೇ ತೀರ್ಮಾನ ಆಗಿಬಿಟ್ಟಿರುತ್ತದೆ. ಹೊಸ ಪಾರ್ಟು ಬಂದ ಮೇಲೂ ತೊಂದರೆ ಹಾಗೇ ಇರುತ್ತದೆ, ಆಮೇಲೆ ಇನ್ನೊಂದು ಪಾರ್ಟು.

ಹಾಗಾಗಿ ಇಲ್ಲಿ ಹೋಲಿಸುವಾಗಲೆಲ್ಲ ನಾನು ಒಂದೇ ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಪರೀಕ್ಷೆ, ಆಮೇಲೆ ಆಯ್ಕೆ. ಪರೀಕ್ಷೆಗೆ ಆಗುವ ಖರ್ಚು ಕಡಿಮೆ. ಅದರ ಫಲಿತಾಂಶ ಕೈಯಲ್ಲಿದ್ದರೆ ಯಾವ ರಿಪೇರಿ ಮಾಡಿಸಬೇಕು ಅನ್ನುವುದು ಎಷ್ಟೋ ಸಲ ತಾನಾಗಿಯೇ ತೀರ್ಮಾನವಾಗುತ್ತದೆ.

ಉದಾಹರಣೆಗಳು ಹೆಚ್ಚಾಗಿ ಮಾರುತಿ 800ರದ್ದು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು. 796 ಸಿಸಿ, ಮೂರು ಸಿಲಿಂಡರ್. ನಮ್ಮನೆಯಲ್ಲಿರುವುದು ಕಾರ್ಬುರೇಟರ್ ಇರುವ ಹಳೇ ಗಾಡಿ, ಭಾವನ ಮನೆಯಲ್ಲಿ ಎಂಪಿಎಫ್‌ಐ ಗಾಡಿ, ಅಂದರೆ ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುವ ಗಾಡಿ. ಎರಡರ ಬಾನೆಟ್ ಕೆಳಗೂ ಕೈ ಹಾಕಿ ಅಭ್ಯಾಸ ಇದೆ. ಜೆನ್, ಎಸ್ಟೀಮ್, ಸ್ಯಾಂಟ್ರೊ, ಇಂಡಿಕಾ ಇಟ್ಟುಕೊಂಡವರಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ಸ್ಕ್ಯಾನರೋ, ಮೀಟರೋ?

ಈಗ ಬ್ಲೂಟೂತ್ ಸ್ಕ್ಯಾನರ್ ಅಗ್ಗಕ್ಕೆ ಸಿಗುತ್ತದೆ. ಫೋನಿಗೆ ಜೋಡಿಸಿದರೆ ಕಾರಿನ ಕಾಯಿಲೆ ಹೇಳುತ್ತದೆ ಅಂತ ತುಂಬಾ ಜನ ತರಿಸಿಕೊಳ್ಳುತ್ತಾರೆ. ತರಿಸುವ ಮೊದಲು ನಿಮ್ಮ ಕಾರು ಯಾವ ವರ್ಷದ್ದು ಅಂತ ನೋಡಿ. ನಮ್ಮ ದೇಶದಲ್ಲಿ ಒಬಿಡಿ, ಅಂದರೆ ಕಾರಿನ ಕಂಪ್ಯೂಟರೇ ತಪ್ಪು ಗುರುತಿಸಿ ಕೋಡ್ ಇಟ್ಟುಕೊಳ್ಳುವ ವ್ಯವಸ್ಥೆ, ಕಡ್ಡಾಯವಾಗಿದ್ದು ಬಿಎಸ್-4 ಹೊಗೆ ನಿಯಮದ ಜೊತೆಗೆ. 2010ರ ಏಪ್ರಿಲ್‌ನಲ್ಲಿ ಮೊದಲ ಹಂತ, 2013ರ ಏಪ್ರಿಲ್‌ನಲ್ಲಿ ಒಬಿಡಿ-2. ಅದಕ್ಕೂ ಹಿಂದಿನ ಎಂಪಿಎಫ್‌ಐ ಕಾರುಗಳಲ್ಲಿ ಕಂಪ್ಯೂಟರ್ ಇದೆ, ಕನೆಕ್ಟರ್ ಕೂಡ ಇರಬಹುದು. ಆದರೆ ಅದು ಮಾತಾಡುವ ರೀತಿ ಕಂಪನಿಯದ್ದೇ ಬೇರೆ ಆಗಿದ್ದರೆ ಅಗ್ಗದ ಸ್ಕ್ಯಾನರಿಗೆ ಏನೂ ಸಿಗುವುದಿಲ್ಲ. ಅಂಥ ಕಾರಿಗೆ ಆ ಕಂಪನಿಯ ಟೂಲ್ ಇರುವ ಗ್ಯಾರೇಜೇ ಬೇಕು. ಕಾರ್ಬುರೇಟರ್ ಕಾರಿಗಂತೂ ಸ್ಕ್ಯಾನರಿನ ಪ್ರಶ್ನೆಯೇ ಇಲ್ಲ.

ಸ್ಕ್ಯಾನರ್ ಕೆಲಸ ಮಾಡಿದರೂ ಒಂದು ವಿಷಯ ಗೊತ್ತಿರಬೇಕು. ಕೋಡ್ ಬಂದ ತಕ್ಷಣ ಯಾವ ಪಾರ್ಟು ಕೆಟ್ಟಿದೆ ಅಂತ ಗೊತ್ತಾದಂತೆ ಅಲ್ಲ. ಪಿ0171 ಅಂತ ಬಂದರೆ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ. ತುಂಬಾ ಕಡೆ ಇದನ್ನು ನೋಡಿ ಆಕ್ಸಿಜನ್ ಸೆನ್ಸರ್ ಬದಲಾಯಿಸುತ್ತಾರೆ. ಆ ಸೆನ್ಸರ್ ಇದ್ದದ್ದನ್ನು ಇದ್ದಂತೆ ಹೇಳಿರುತ್ತದೆ ಅಷ್ಟೆ. ತಪ್ಪು ಇರುವುದು ಒಡೆದ ವ್ಯಾಕ್ಯೂಮ್ ಪೈಪಿನಲ್ಲಿ, ಕಟ್ಟಿಕೊಂಡ ಫ್ಯುಯೆಲ್ ಫಿಲ್ಟರಿನಲ್ಲಿ, ಅಥವಾ ಇನ್‌ಟೇಕ್ ಗ್ಯಾಸ್ಕೆಟಿನಲ್ಲಿ. 15 ವರ್ಷ ಎಂಜಿನ್ ಬಿಸಿಯಲ್ಲಿ ಬೆಂದ ರಬ್ಬರ್ ಪೈಪನ್ನು ಸ್ವಲ್ಪ ಬಗ್ಗಿಸಿ ನೋಡಿ. ಹೊರಗೆ ಚೆನ್ನಾಗಿ ಕಂಡರೂ ಬಗ್ಗಿಸಿದಾಗ ಬಿರುಕು ಬಾಯಿ ಬಿಡುತ್ತದೆ.

ಒಂದೇ ಒಂದು ಉಪಕರಣ ಕೊಳ್ಳುವುದಾದರೆ ಡಿಜಿಟಲ್ ಮಲ್ಟಿಮೀಟರ್ ತೆಗೆದುಕೊಳ್ಳಿ. ₹500ರ ಒಳಗೆ ಸಿಗುತ್ತದೆ, ಎಲ್ಲ ವರ್ಷದ ಕಾರಿಗೂ ಆಗುತ್ತದೆ. ಸ್ಕ್ಯಾನರ್ 2013ರಿಂದ ಈಚಿನ ಕಾರಿಗೆ ಮಾತ್ರ ನನ್ನ ಎರಡನೇ ಆಯ್ಕೆ.

ಬ್ಯಾಟರಿಯೋ, ಆಲ್ಟರ್ನೇಟರೋ, ಅರ್ಥ್ ವಯರೋ?

ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ನಿಧಾನವಾಗಿ ಎಳೆಯುತ್ತದೆ, ಇಲ್ಲವೇ ಟಕ್ ಅಂತ ಸದ್ದಾಗಿ ಸುಮ್ಮನಾಗುತ್ತದೆ. ಹಳೇ ಕಾರಿನಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ದೂರು ಇದು, ದುಡ್ಡು ಸುಮ್ನೆ ಹೋಗುವ ಜಾಗವೂ ಇದೇ. ನಾಲ್ಕು ಕಡೆ ತಪ್ಪಿರಬಹುದು. ಬ್ಯಾಟರಿ, ಆಲ್ಟರ್ನೇಟರ್, ಸೆಲ್ಫ್ ಮೋಟರ್, ವಯರಿಂಗ್. ಹತ್ತು ನಿಮಿಷದಲ್ಲಿ ಮನೆ ಮುಂದೆಯೇ ಬೇರೆ ಬೇರೆ ಮಾಡಿ ನೋಡಬಹುದು.

ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಮಾತು. ಈಗ ಮೀಟರ್ ಹಾಗೇ ಇಟ್ಟುಕೊಂಡು ಒಬ್ಬರ ಹತ್ತಿರ ಸೆಲ್ಫ್ ಹೊಡೆಸಿ. ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ ಬಲವಾಗುತ್ತದೆ. ಕುಸಿಯದೆ 11ರ ಹತ್ತಿರ ನಿಂತು, ಸೆಲ್ಫ್ ಮಾತ್ರ ನಿಧಾನವಾಗಿದ್ದರೆ? ಆಗ ಬ್ಯಾಟರಿ ಬದಲಾಯಿಸಬೇಡಿ. ಕರೆಂಟ್ ಇದೆ, ಆದರೆ ಸೆಲ್ಫ್‌ವರೆಗೆ ತಲುಪುತ್ತಿಲ್ಲ.

ಇಲ್ಲಿ ಒಂದು ಪರೀಕ್ಷೆ ಇದೆ, ಗ್ಯಾರೇಜುಗಳಲ್ಲಿ ಮಾಡುವುದು ಅಪರೂಪ. ಮೀಟರಿನ ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಮೇಲೆ, ಬಣ್ಣ ಅಥವಾ ಎಣ್ಣೆ ಇಲ್ಲದ ಜಾಗದಲ್ಲಿ ಒತ್ತಿ ಹಿಡಿಯಿರಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಗೂಟದ ಮೇಲೆ. ಕ್ಲಾಂಪಿನ ಮೇಲಲ್ಲ, ಗೂಟದ ಮೇಲೇ. ಈಗ ಸೆಲ್ಫ್ ಹೊಡೆಸಿ. ಅರ್ಥ್ ಚೆನ್ನಾಗಿದ್ದರೆ ಮೀಟರಿನಲ್ಲಿ 0.2 ವೋಲ್ಟ್ ಒಳಗೆ ಬರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಅರ್ಥ್ ಕೇಬಲ್ಲಿನಲ್ಲಿ ತುಕ್ಕು ಹಿಡಿದಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಅದಕ್ಕೂ ಬಾಡಿಗೂ ಬ್ಯಾಟರಿಗೂ ನಡುವೆ ಸೆಲ್ಫಿನ ಅಷ್ಟೂ ಕರೆಂಟ್ ವಾಪಸ್ ಬರಬೇಕಾದದ್ದು ಆ ಕೇಬಲ್ ಮೂಲಕ. ಬೋಲ್ಟ್ ಬಿಚ್ಚಿ, ಎರಡೂ ಕಡೆ ಮರಳು ಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ಕೆಲಸ ಮುಗಿಯಿತು. ಕೇಬಲ್ ಹೊಸದೇ ಬೇಕಾದರೂ ಬ್ಯಾಟರಿಯ ಬೆಲೆಯ ಮುಂದೆ ಅದು ಲೆಕ್ಕಕ್ಕಿಲ್ಲ. ಇದೇ ರೀತಿ ಬ್ಯಾಟರಿಯ ಪ್ಲಸ್ಸಿನಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೂ ನೋಡಿ. ಅಲ್ಲಿ ಅರ್ಧ ವೋಲ್ಟ್‌ವರೆಗೆ ಪರವಾಗಿಲ್ಲ.

ಎರಡೂ ಕಡೆ ಸರಿಯಿದ್ದು ಸೆಲ್ಫ್ ಎಳೆಯದಿದ್ದರೆ ಮೋಟರ್ ಬಿಚ್ಚಿಸಿ. ಹೊಸ ಸೆಲ್ಫ್ ಮತ್ತು ರಿಪೇರಿ, ಇವೆರಡರಲ್ಲಿ ನನ್ನ ಮತ ರಿಪೇರಿಗೆ. ಕಾರ್ಬನ್ ಬ್ರಷ್, ಬುಷ್, ಸೊಲೆನಾಯ್ಡ್ ಬಿಡಿಯಾಗಿ ಸಿಗುತ್ತವೆ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಅರ್ಧ ದಿನದ ಕೆಲಸ. ಆರ್ಮೇಚರ್ ಸುಟ್ಟಿದ್ದರೆ ಮಾತ್ರ ಹೊಸದನ್ನು ಯೋಚಿಸಿ.

ಇನ್ನು ಆಲ್ಟರ್ನೇಟರ್. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿದರೂ 13.5ಕ್ಕಿಂತ ಇಳಿಯಬಾರದು. 12.5ರಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. ಆ ಸ್ಥಿತಿಯಲ್ಲಿ ಹೊಸ ಬ್ಯಾಟರಿ ಹಾಕಿದರೆ ಅದನ್ನೂ ಕುದಿಸಿ ಹಾಳುಮಾಡುತ್ತದೆ. ವರ್ಷಕ್ಕೊಂದು ಬ್ಯಾಟರಿ ತಿನ್ನುವ ಕಾರುಗಳಲ್ಲಿ ಇದನ್ನು ಮೊದಲು ನೋಡಿ.

ಬಿಸಿಯಾಗುವ ಎಂಜಿನ್

ಇದರಲ್ಲಿ ಅವಸರದ ಆಯ್ಕೆಗೆ ತುಂಬಾ ದುಬಾರಿ ಬೆಲೆ ತೆರಬೇಕಾಗುತ್ತದೆ. ಮಾರುತಿಯ ಅಲ್ಯುಮಿನಿಯಂ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ, ಒಂದು ಸಲ ಜೋರಾಗಿ ಬಿಸಿಯಾದರೆ ಸೊಟ್ಟಗಾಗುತ್ತದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮುಳ್ಳು ಕೆಂಪಿಗೆ ಹೋದ ಮೇಲೂ ಇನ್ನೊಂದು ತಿರುವು ಹತ್ತಿಸಿಬಿಡೋಣ ಅಂದುಕೊಂಡರೆ ರಿಪೇರಿಯ ಲೆಕ್ಕವೇ ಬದಲಾಗುತ್ತದೆ. ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಬೇಡಿ.

ಕಾರಣಗಳನ್ನು ಅಗ್ಗದ್ದರಿಂದ ದುಬಾರಿಯ ಕಡೆಗೆ ನೋಡುತ್ತಾ ಹೋಗಿ.

ಮೊದಲು ರೇಡಿಯೇಟರ್ ಕ್ಯಾಪ್. ಅದರ ಮೇಲೆ 0.9 ಅಥವಾ 1.1 ಅಂತ ಅಂಕಿ ಇರುತ್ತದೆ. ಅಷ್ಟು ಒತ್ತಡವನ್ನು ಅದು ಹಿಡಿದಿಟ್ಟರೆ ಒಳಗಿನ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 118 ಡಿಗ್ರಿವರೆಗೆ ತಡೆಯುತ್ತದೆ. ರಬ್ಬರ್ ಹೋದ ಕ್ಯಾಪ್ ಒತ್ತಡ ಬಿಟ್ಟುಬಿಡುತ್ತದೆ, ನೀರು ಬೇಗ ಕುದಿಯುತ್ತದೆ. ಇಷ್ಟು ಚಿಕ್ಕ ಪಾರ್ಟಿನಿಂದ ಇಡೀ ಕಾರು ದಾರಿಯಲ್ಲಿ ನಿಂತಿರುವ ಉದಾಹರಣೆ ಎಷ್ಟೋ ಇದೆ. ಹೊಸ ಕ್ಯಾಪ್ ಕೊಳ್ಳುವಾಗ ಅದೇ ಅಂಕಿಯದ್ದನ್ನೇ ಕೊಳ್ಳಿ.

ಆಮೇಲೆ ಫ್ಯಾನ್. ಟ್ರಾಫಿಕ್‌ನಲ್ಲಿ ಬಿಸಿಯಾಗಿ ಹೈವೇಯಲ್ಲಿ ಸರಿಹೋದರೆ ಫ್ಯಾನ್ ಅಥವಾ ಅದರ ಸ್ವಿಚ್ ಕಡೆ ನೋಡಿ. ಸ್ವಿಚ್ಚಿನ ಎರಡು ವಯರುಗಳನ್ನು ಒಂದಕ್ಕೊಂದು ಜೋಡಿಸಿ, ಇಗ್ನಿಷನ್ ಆನ್ ಮಾಡಿ. ಫ್ಯಾನ್ ತಿರುಗಿದರೆ ಮೋಟರ್ ಚೆನ್ನಾಗಿದೆ, ಸ್ವಿಚ್ ಕೆಟ್ಟಿದೆ. ಈ ಉಪಾಯ ಎರಡು ವಯರಿನ ಸಾದಾ ಸ್ವಿಚ್ ಇರುವ ಹಳೇ ಕಾರುಗಳಿಗೆ ಮಾತ್ರ. ಇದಕ್ಕೆ ವಿರುದ್ಧವಾಗಿ ಹೈವೇಯಲ್ಲಿ, ಘಾಟಿಯಲ್ಲಿ ಬಿಸಿಯಾಗಿ ಊರೊಳಗೆ ಸರಿಯಿದ್ದರೆ ನೀರಿನ ಹರಿವು ಕಡಿಮೆಯಾಗಿದೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು.

ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್, ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಿಸಿಯಾಗುವ ಕಾರು ಬಂದರೆ ಅದನ್ನು ಕಿತ್ತು ಬಿಸಾಕುವ ರೂಢಿ ನಮ್ಮಲ್ಲಿ ಬೇರೂರಿದೆ. 'ನಮ್ಮ ಹವಾಮಾನಕ್ಕೆ ಇದು ಬೇಡ ಸಾರ್' ಅನ್ನುತ್ತಾರೆ. ಬೇಕು. ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ತಡವಾಗುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಎಂಪಿಎಫ್‌ಐ ಕಾರಾದರೆ ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಒಂದು ಹಳೇ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ಇಳಿಬಿಡಿ. ತಳ ಮುಟ್ಟದ ಹಾಗೆ ನೋಡಿಕೊಳ್ಳಿ. ಅದರ ಮೇಲೆ 82 ಅಂತಲೋ 88 ಅಂತಲೋ ಕೊರೆದಿರುತ್ತದೆ, ಆ ಡಿಗ್ರಿಗೆ ಬಾಯಿ ತೆರೆಯಲು ಶುರುವಾಗಬೇಕು. ನೀರು ಕುದಿಯುತ್ತಿದ್ದರೂ ಬಾಯಿ ಮುಚ್ಚಿಕೊಂಡೇ ಇದ್ದರೆ ಹೊಸದು ಹಾಕಿ. ಖಾಲಿ ಮಾತ್ರ ಬಿಡಬೇಡಿ.

ರೇಡಿಯೇಟರ್ ಕಟ್ಟಿಕೊಂಡಿದೆ ಅಂತ ಖಚಿತವಾದರೆ ಮೂರು ದಾರಿ ಇವೆ. ಒಳಗೆ ಔಷಧಿ ಹಾಕಿ ತೊಳೆಯುವುದು, ತುದಿಯ ಟ್ಯಾಂಕ್ ಬಿಚ್ಚಿ ಕಡ್ಡಿ ಹಾಕಿಸುವುದು, ಹೊಸದು. ಬರೀ ತೊಳೆಯುವುದು ಸ್ವಲ್ಪ ಕೊಳೆ ಇದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಹಳೇ ಕಾಲದ ಹಿತ್ತಾಳೆ, ತಾಮ್ರದ ರೇಡಿಯೇಟರ್ ಆಗಿದ್ದರೆ ಕಡ್ಡಿ ಹಾಕಿಸಿ ಬೆಸುಗೆ ಮಾಡಿಸುವುದೇ ಒಳ್ಳೆಯದು. ಅಂಥ ಲೋಹ ಈಗಿನ ಹೊಸದರಲ್ಲಿ ಸಿಗುವುದಿಲ್ಲ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯುಮಿನಿಯಂ ರೇಡಿಯೇಟರ್ ಆದರೆ ಬಿಚ್ಚಿ ಕೂರಿಸಿದ ಜಾಗದಲ್ಲಿ ಮತ್ತೆ ಸೋರುವ ಭಯ ಇರುತ್ತದೆ. ಅದಕ್ಕೆ ಹೊಸದೇ ಸರಿ. ಯಾವುದೇ ಆಗಲಿ, ಬೋರ್‌ವೆಲ್ ನೀರು ಸುರಿಯಬೇಡಿ. ಬೆಂಗಳೂರಿನಲ್ಲಿ ಬಕೆಟ್ಟು, ಗೀಸರಿಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ಕೂಲೆಂಟಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ.

ಇಷ್ಟೆಲ್ಲ ಸರಿಯಿದ್ದೂ ನೀರು ಖಾಲಿಯಾಗುತ್ತಿದೆ, ಎಲ್ಲೂ ಸೋರುವುದು ಕಾಣುತ್ತಿಲ್ಲ ಅಂದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಕಡೆ ತಿರುಗಿ. ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಬಿಡದೆ ಗುಳ್ಳೆ ಏಳುತ್ತಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ. ಎಣ್ಣೆ ಕಡ್ಡಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ನೀರು ಎಣ್ಣೆಗೆ ಸೇರಿದೆ. ಆದರೆ ಎಣ್ಣೆ ಹಾಕುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ನೊರೆ ಇದ್ದು ಕಡ್ಡಿ ಸ್ವಚ್ಛವಾಗಿದ್ದರೆ ಹೆದರಬೇಡಿ. ಮಳೆಗಾಲದಲ್ಲಿ ಹತ್ತಿರ ಹತ್ತಿರವೇ ಓಡಾಡುವ ಕಾರುಗಳಲ್ಲಿ ಅದು ಬರೀ ತೇವ.

ಗ್ಯಾಸ್ಕೆಟ್ ಹೋಗಿದ್ದರೆ ಗ್ಯಾಸ್ಕೆಟ್ ಮಾತ್ರ ಬದಲಾಯಿಸುವುದು ಒಂದು ದಾರಿ, ಹೆಡ್ಡನ್ನು ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಿ, ಅಂದರೆ ಸಮತಟ್ಟಾಗಿ ಉಜ್ಜಿಸಿ, ಕೂರಿಸುವುದು ಇನ್ನೊಂದು. ಮೊದಲನೆಯದು ಅಗ್ಗ ಅನ್ನಿಸುತ್ತದೆ. ಹೆಡ್ ಮೇಲೆ ನೇರ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ತಗಡು ಫೀಲರ್ ಗೇಜ್ ತೂರಿಸಿ ನೋಡದೆ ಅದನ್ನು ಒಪ್ಪಬೇಡಿ. 0.05 ಮಿಲಿಮೀಟರಿಗಿಂತ ಜಾಸ್ತಿ ಸಂದು ಇದ್ದರೆ ಹೊಸ ಗ್ಯಾಸ್ಕೆಟ್ಟೂ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಇಳಿಸಿ ಏರಿಸುವ ಕೂಲಿ ಎರಡು ಸಲ ಬೀಳುತ್ತದೆ. ರೇಡಿಯೇಟರಿಗೆ ಸುರಿಯುವ 'ಲೀಕ್ ಸ್ಟಾಪ್' ಪುಡಿಯನ್ನು ನಾನು ಆಯ್ಕೆ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಹೀಟರಿನ ನಾಳವನ್ನೂ ಕಟ್ಟುತ್ತದೆ.

ಹೊಗೆ ನೋಡಿ ಎಂಜಿನ್ ಇಳಿಸಬೇಡಿ

ಪೆಟ್ರೋಲ್ ಕಾರಿನ ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಉರಿಯುತ್ತಿದೆ. ಏರ್ ಫಿಲ್ಟರ್, ಚೋಕ್, ಕಾರ್ಬುರೇಟರ್ ಕಡೆ ನೋಡಿ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಉರಿಯುತ್ತಿದೆ, ಮತ್ತೆ ಗ್ಯಾಸ್ಕೆಟ್. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್. ಎಂಜಿನ್ ಓವರ್‌ಹಾಲ್ ಮಾತು ಬರುವುದು ಈ ನೀಲಿ ಹೊಗೆಗೆ.

ಆಯಿಲ್ ಒಳಗೆ ಬರುವುದು ಎಲ್ಲಿಂದ ಅನ್ನುವುದರ ಮೇಲೆ ಖರ್ಚು ನಿಂತಿದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಭುಸ್ ಅಂತ ಬಂದು ನಿಂತುಹೋಗುತ್ತದೆಯೇ? ಇಳಿಜಾರಿನಲ್ಲಿ ಕಾಲು ತೆಗೆದು, ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬರುತ್ತದೆಯೇ? ಹಾಗಿದ್ದರೆ ವಾಲ್ವ್ ಸೀಲ್ ಗಟ್ಟಿಯಾಗಿವೆ. ಏರಿನಲ್ಲಿ ಎಳೆಯುವಾಗ, ವೇಗ ಹೆಚ್ಚಿಸುವಾಗ ಸತತವಾಗಿ ಬರುತ್ತದೆಯೇ? ಆಗ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಇವೆರಡಕ್ಕೂ ಮೊದಲು ಪಿಸಿವಿ ವಾಲ್ವ್, ಅಂದರೆ ಎಂಜಿನ್ ಒಳಗೆ ಸೇರುವ ಹೊಗೆಯನ್ನು ಮತ್ತೆ ಇನ್‌ಟೇಕಿಗೆ ಕಳಿಸುವ ಚಿಕ್ಕ ವಾಲ್ವ್, ತೆಗೆದು ಅಲ್ಲಾಡಿಸಿ ನೋಡಿ. ಒಳಗೆ ಟಕ ಟಕ ಸದ್ದು ಬರಬೇಕು. ಅದು ಕಟ್ಟಿಕೊಂಡರೂ ಎಂಜಿನ್ ಆಯಿಲ್ ಕುಡಿಯುತ್ತದೆ, ಬದಲಾಯಿಸುವ ಖರ್ಚು ಕೈ ಕಚ್ಚುವಂಥದ್ದಲ್ಲ.

ಅನುಮಾನವನ್ನು ಖಚಿತ ಮಾಡುವುದು ಕಂಪ್ರೆಷನ್ ಟೆಸ್ಟ್, ಅಂದರೆ ಪ್ಲಗ್ ತೂತಿಗೆ ಗೇಜ್ ಹಾಕಿ ಒಂದೊಂದು ಸಿಲಿಂಡರಿನ ಒತ್ತಡ ಅಳೆಯುವುದು. ಇದನ್ನು ಕೇಳಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಎಂಜಿನ್ ಬಿಸಿ ಇರಬೇಕು. ಎಲ್ಲ ಪ್ಲಗ್ ಬಿಚ್ಚಿರಬೇಕು. ಇಗ್ನಿಷನ್ ಕಾಯಿಲ್‌ನ ವಯರ್ ತೆಗೆದಿರಬೇಕು, ಎಂಪಿಎಫ್‌ಐ ಆದರೆ ಪೆಟ್ರೋಲ್ ಪಂಪಿನ ಫ್ಯೂಸ್ ಕೂಡ. ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಇದನ್ನು ತುಂಬಾ ಜನ ಮರೆಯುತ್ತಾರೆ. ಒತ್ತದಿದ್ದರೆ ಗಾಳಿ ಸಾಕಷ್ಟು ಒಳಗೆ ಹೋಗದೆ ಅಂಕಿ ಕಡಿಮೆ ಬರುತ್ತದೆ, ಚೆನ್ನಾಗಿರುವ ಎಂಜಿನ್ನೂ ಸತ್ತಂತೆ ಕಾಣುತ್ತದೆ.

ಬಂದ ಅಂಕಿಗಳಲ್ಲಿ ಸಿಲಿಂಡರಿನಿಂದ ಸಿಲಿಂಡರಿಗೆ ಇರುವ ವ್ಯತ್ಯಾಸ ನೋಡಿ. ಚದರ ಸೆಂಟಿಮೀಟರಿಗೆ ಒಂದು ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ತೊಂದರೆ ಇದೆ. ಈಗ ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಸವೆದಿವೆ. ಆಯಿಲ್ ಸ್ವಲ್ಪ ಹೊತ್ತು ಆ ಸಂದು ಮುಚ್ಚಿದ್ದರಿಂದ ಏರಿತು. ಏರದೇ ಹಾಗೇ ಇದ್ದರೆ ವಾಲ್ವ್ ಕೂರುತ್ತಿಲ್ಲ ಅಥವಾ ಗ್ಯಾಸ್ಕೆಟ್ ಹೋಗಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಬಂದರೆ ಆ ಎರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ.

ಫಲಿತಾಂಶ ಬಂದ ಮೇಲೆ ಹೋಲಿಕೆ ಸುಲಭ. ಕಂಪ್ರೆಷನ್ ಮೂರರಲ್ಲೂ ಚೆನ್ನಾಗಿದ್ದು ಬೆಳಿಗ್ಗೆ ಮಾತ್ರ ಹೊಗೆ ಬಂದರೆ ವಾಲ್ವ್ ಸೀಲ್ ಸಾಕು, ಎಂಜಿನ್ ಇಳಿಸುವ ಪ್ರಶ್ನೆಯೇ ಇಲ್ಲ. ವಾಲ್ವ್ ಕೂರದಿದ್ದರೆ ಹೆಡ್ ಕೆಲಸ ಮಾತ್ರ. ರಿಂಗ್ ಸವೆದಿದ್ದರೆ ಸಿಲಿಂಡರನ್ನು ಲೇತ್ ಅಂಗಡಿಯಲ್ಲಿ ಅಳೆಸಿ. ಅಳತೆ ಮಿತಿಯೊಳಗಿದ್ದರೆ ಹೋನಿಂಗ್ (ಒಳಗೋಡೆಯನ್ನು ಹಗುರವಾಗಿ ಉಜ್ಜುವುದು) ಮಾಡಿಸಿ ರಿಂಗ್ ಸೆಟ್ ಹಾಕಿಸಬಹುದು. ಮಿತಿ ದಾಟಿದ್ದರೆ ಬೋರಿಂಗ್ (ಸಿಲಿಂಡರ್ ಕೊರೆದು ಅಗಲ ಮಾಡುವುದು) ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಅಳೆಯದೇ ಸವೆದ ಬೋರಿಗೆ ಹೊಸ ರಿಂಗ್ ಹಾಕುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಖರ್ಚೂ ಆಗುತ್ತದೆ, ಹೊಗೆಯೂ ವಾಪಸ್ ಬರುತ್ತದೆ.

ಗುಜರಿಯಿಂದ ರನ್ನಿಂಗ್ ಎಂಜಿನ್ ತಂದು ಕೂರಿಸುವುದು ಇನ್ನೊಂದು ದಾರಿ. ಬೇಗ ಆಗುತ್ತದೆ, ಓವರ್‌ಹಾಲ್‌ಗಿಂತ ಕಡಿಮೆಗೂ ಸಿಗಬಹುದು. ಆದರೆ ಅದು ಎಷ್ಟು ಓಡಿದೆ ಅಂತ ಯಾರೂ ಬರೆದು ಕೊಡುವುದಿಲ್ಲ. ಎಂಜಿನ್ ನಂಬರ್ ನಿಮ್ಮ ಆರ್‌ಸಿಯಲ್ಲಿ ಇದೆ. ಬೇರೆ ಎಂಜಿನ್ ಬಂದರೆ ಆರ್‌ಟಿಒದಲ್ಲಿ ಅನುಮತಿ ಪಡೆದು ನಮೂದಿಸಬೇಕು. ಅದರ ಮೂಲದ ಕಾಗದ ಇಲ್ಲದಿದ್ದರೆ ಆರ್‌ಸಿ ನವೀಕರಣಕ್ಕೆ ಹೋದಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ನನ್ನ ಮಟ್ಟಿಗೆ ಬ್ಲಾಕ್ ಬಿರುಕು ಬಿಟ್ಟಿದ್ದರೆ ಮಾತ್ರ ಈ ದಾರಿ.

ಕಾರ್ಬುರೇಟರ್: ಕ್ಲೀನಿಂಗಾ, ಕಿಟ್ಟಾ, ಹೊಸದಾ?

ಐಡ್ಲಿಂಗ್ ನಿಲ್ಲುವುದಿಲ್ಲ, ಮಿಸ್ಸಿಂಗ್ ಇದೆ, ಪಿಕಪ್ ಇಲ್ಲ. ಮೂರಕ್ಕೂ ಕಾರ್ಬುರೇಟರ್ ಕಾರಣ ಅನ್ನುವ ಮೊದಲು ಪ್ಲಗ್, ಪ್ಲಗ್ ವಯರ್, ಡೆಲ್ಕೋ ಕ್ಯಾಪ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ) ನೋಡಿ. ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿದರೆ ಸೋರುವ ಪ್ಲಗ್ ವಯರಿನಲ್ಲಿ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ಮಳೆ ಬಂದ ದಿನ ಮಾತ್ರ ತೊಂದರೆ ಕೊಡುವ ಕಾರಿನಲ್ಲಿ ಹೆಚ್ಚಾಗಿ ಇದೇ ಕಾರಣ.

ಕಾರ್ಬುರೇಟರೇ ಹೌದು ಅಂತಾದರೆ ತಿಂಗಳುಗಟ್ಟಲೆ ನಿಂತಿದ್ದ ಕಾರಿಗೆ ಕ್ಲೀನಿಂಗ್ ಸಾಕು, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿನಲ್ಲಿ ಗಟ್ಟಿಯಾದ ಪೆಟ್ರೋಲ್ ಕೂತಿರುತ್ತದೆ. ಒತ್ತಿದ ತಕ್ಷಣ ತಡವರಿಸಿ ಆಮೇಲೆ ಎಳೆಯುವ ಕಾರಿಗೆ ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ ಇರುವ ಕಿಟ್ ಬೇಕು. ಥ್ರಾಟಲ್ ಶಾಫ್ಟ್ ಅಲ್ಲಾಡುತ್ತಿದ್ದರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಸವೆದ ಸಂದಿನಿಂದ ಗಾಳಿ ಎಳೆಯುತ್ತಲೇ ಇರುತ್ತದೆ. ಆಗ ಬುಷ್ ಹಾಕಿಸಿ, ಇಲ್ಲವೇ ಹೊಸದು ಹುಡುಕಿ. ಜೆಟ್ಟಿನ ತೂತಿಗೆ ತಂತಿ ಹಾಕಲು ಬಿಡಬೇಡಿ. ತೂತು ದೊಡ್ಡದಾದರೆ ಮೈಲೇಜ್ ಹೋಯಿತು ಅಂತಲೇ ಲೆಕ್ಕ. ಕಂಪ್ರೆಸರ್ ಗಾಳಿ ಮತ್ತು ಕ್ಲೀನರ್ ಸಾಕು.

ಈಗ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ, ನೀರನ್ನೂ ಹೀರಿಕೊಳ್ಳುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಪೈಪಿಗೆ ಒಂದು ಸಲ ಬದಲಾಯಿಸಿಬಿಡಿ. ಇದು ದುಡ್ಡು ಉಳಿಸುವ ಮಾತಲ್ಲ, ಬೆಂಕಿಯ ವಿಷಯ.

ಕಂಪನಿ ಪಾರ್ಟಾ, ಲೋಕಲ್ಲಾ, ಗುಜರಿಯಾ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಪಾರ್ಟಿಗೆ ನಾಲ್ಕು ಬೆಲೆ ಹೇಳುತ್ತಾರೆ. ಕಾರು ಕಂಪನಿಯ ಡಬ್ಬಿಯಲ್ಲಿ ಬರುವುದು ಒಂದು. ಆ ಕಂಪನಿಗೇ ಪಾರ್ಟು ಮಾಡಿಕೊಡುವವರು ತಮ್ಮದೇ ಹೆಸರಿನಲ್ಲಿ ಮಾರುವುದು ಇನ್ನೊಂದು. ಮೂರನೆಯದು ಹೆಸರಿಲ್ಲದ ಲೋಕಲ್. ನಾಲ್ಕನೆಯದು ಕಂಪನಿಯ ಡಬ್ಬಿಯನ್ನೇ ನಕಲು ಮಾಡಿದ ಡೂಪ್ಲಿಕೇಟ್. ಇದು ಲೋಕಲ್ಲಿಗಿಂತ ಅಪಾಯ, ಏಕೆಂದರೆ ಒಳ್ಳೆಯದು ಅಂತ ನಂಬಿ ಜಾಸ್ತಿ ದುಡ್ಡು ಕೊಟ್ಟಿರುತ್ತೀರಿ.

ನನ್ನ ಆಯ್ಕೆ ಹೆಚ್ಚಾಗಿ ಎರಡನೆಯದು. ಫಿಲ್ಟರ್, ಪ್ಲಗ್, ಬೇರಿಂಗ್, ಕ್ಲಚ್ ಪ್ಲೇಟ್, ಶಾಕ್ ಅಬ್ಸಾರ್ಬರ್ ಎಲ್ಲಕ್ಕೂ ಹೆಸರುವಾಸಿ ತಯಾರಕರಿದ್ದಾರೆ, ಗುಣಮಟ್ಟದಲ್ಲಿ ಕಡಿಮೆಯಿಲ್ಲ. ಟೈಮಿಂಗ್ ಬೆಲ್ಟ್, ಹೆಡ್ ಗ್ಯಾಸ್ಕೆಟ್, ಸೆನ್ಸರ್‌ಗಳಿಗೆ ಕಂಪನಿಯದ್ದೇ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕೆಟ್ಟರೆ ಅವನ್ನು ಮತ್ತೆ ಬಿಚ್ಚುವ ಕೂಲಿಯೇ ಪಾರ್ಟಿಗಿಂತ ಜಾಸ್ತಿ.

ಗುಜರಿ ಪಾರ್ಟನ್ನು ಕೀಳಾಗಿ ನೋಡಬೇಕಿಲ್ಲ. ಬಾಗಿಲು, ಗಾಜು, ಡ್ಯಾಶ್‌ಬೋರ್ಡ್, ಹಿಡಿ, ಲೈಟು, ಸೀಟಿನ ಹಳಿ ಇವೆಲ್ಲ ಶಿವಾಜಿನಗರದ ಗುಜರಿಯಲ್ಲಿ ಒರಿಜಿನಲ್ ಸಿಗುತ್ತವೆ. ಹೊಸದಾಗಿ ಬರುವ ಲೋಕಲ್ ಬಾಗಿಲಿಗಿಂತ ಹಳೇ ಒರಿಜಿನಲ್ ಬಾಗಿಲು ಚೆನ್ನಾಗಿ ಕೂರುತ್ತದೆ. ಕೈಯಲ್ಲಿ ಹಳೇ ಪಾರ್ಟು ಹಿಡಿದುಕೊಂಡು ಹೋಗಿ, ಮಾಡೆಲ್ ಹೆಸರು ಒಂದೇ ಇದ್ದರೂ ವರ್ಷದಿಂದ ವರ್ಷಕ್ಕೆ ಕೊಕ್ಕೆ, ತೂತು ಬದಲಾಗಿರುತ್ತವೆ.

ಬ್ರೇಕ್ ಮತ್ತು ಸ್ಟೀರಿಂಗ್‌ಗೆ ಮಾತ್ರ ಗುಜರಿಯೂ ಬೇಡ, ಹೆಸರಿಲ್ಲದ್ದೂ ಬೇಡ. ಮಾಸ್ಟರ್ ಸಿಲಿಂಡರಿಗೆ ರಬ್ಬರ್ ಕಿಟ್ ಹಾಕುವುದಾ, ಪೂರ್ತಿ ಬದಲಾಯಿಸುವುದಾ ಅಂದರೆ ಒಳಗೆ ಬೆರಳಿಟ್ಟು ನೋಡಿ. ಗುಳಿ, ಗೀರು ಬೆರಳಿಗೆ ಸಿಕ್ಕರೆ ಪೂರ್ತಿ ಬದಲಾಯಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರೇ ಒಳಗೆ ತುಕ್ಕು ಹಿಡಿಸುವುದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸುವವರಿಗೆ ಈ ಪ್ರಶ್ನೆ ಅಷ್ಟು ಬೇಗ ಬರುವುದಿಲ್ಲ.

ಯಾರ ಹತ್ತಿರ ಬಿಡುವುದು?

ಕಂಪನಿ ಸರ್ವಿಸ್ ಸೆಂಟರಿನಲ್ಲಿ ಬಿಲ್ ಇದೆ, ಟೂಲ್ ಇದೆ, ಅಸಲಿ ಪಾರ್ಟು ಇದೆ. ಎಂಪಿಎಫ್‌ಐ ಕಾರಿನ ಎಲೆಕ್ಟ್ರಾನಿಕ್ಸ್‌ಗೆ, ಏರ್‌ಬ್ಯಾಗ್, ಎಬಿಎಸ್‌ಗೆ ಅಲ್ಲಿಗೇ ಹೋಗಿ. ಆದರೆ ಕಾರ್ಬುರೇಟರ್ ಬಿಚ್ಚಿ ಗೊತ್ತಿರುವ ಹುಡುಗರು ಅಲ್ಲಿ ಈಗ ಸಿಗುವುದು ಕಷ್ಟ. ಅವರ ಪದ್ಧತಿ ಪಾರ್ಟನ್ನು ಪೂರ್ತಿಯಾಗಿ ಬದಲಾಯಿಸುವುದು, ಬಿಚ್ಚಿ ರಿಪೇರಿ ಮಾಡುವುದಲ್ಲ.

ಬೀದಿಯ ಗ್ಯಾರೇಜಿನ ಹಳೇ ಮೇಸ್ತ್ರಿಗೆ ಸದ್ದು ಕೇಳಿಯೇ ಅರ್ಧ ಗೊತ್ತಾಗುತ್ತದೆ. ಟ್ಯಾಪೆಟ್ ಸದ್ದು, ಬೇರಿಂಗ್ ಸದ್ದು, ಕ್ಲಚ್ ಸದ್ದು ಬೇರೆ ಮಾಡುವ ಆ ಕಿವಿಗೆ ನಾನು ಮನಸಾರೆ ಗೌರವ ಕೊಡುತ್ತೇನೆ. ವಯರಿಂಗ್ ವಿಷಯಕ್ಕೆ ಮಾತ್ರ ಅವರಿಗಿಂತ ಆಟೋ ಎಲೆಕ್ಟ್ರಿಷಿಯನ್ ಒಳ್ಳೆಯದು. ರೇಡಿಯೇಟರಿಗೆ ರೇಡಿಯೇಟರ್ ಅಂಗಡಿ, ಹೆಡ್ಡಿಗೆ ಲೇತ್. ಎಲ್ಲವನ್ನೂ ಒಬ್ಬರ ಹತ್ತಿರ ಬಿಟ್ಟರೂ ಅವರು ಕೊನೆಗೆ ಕಳಿಸುವುದು ಅಲ್ಲಿಗೇ.

ಒಳ್ಳೆಯ ಗ್ಯಾರೇಜ್ ಗುರುತಿಸಲು ಕೆಲವೇ ಪ್ರಶ್ನೆ ಸಾಕು. 'ಏನು ಟೆಸ್ಟ್ ಮಾಡಿ ಹೇಳಿದಿರಿ ಅಣ್ಣ?' ಅಂತ ಕೇಳಿ. ಅಂಕಿ ಹೇಳಿದರೆ, ಇಲ್ಲವೇ ಕರೆದು ತೋರಿಸಿದರೆ ನಂಬಿ. 'ಟೆಸ್ಟ್‌ಗೆ ಬೇರೆ ಕೂಲಿ ಕೊಡ್ತೀನಿ, ಪಾರ್ಟು ಆಮೇಲೆ ನೋಡೋಣ' ಅಂತ ಮೊದಲೇ ಹೇಳಿಬಿಡಿ. ಹುಡುಕುವ ಕೆಲಸಕ್ಕೆ ದುಡ್ಡು ಸಿಗದಿದ್ದರೆ ಅವರೂ ಪಾರ್ಟಿನಲ್ಲೇ ಸಂಪಾದಿಸಬೇಕಾಗುತ್ತದೆ, ಅಲ್ವಾ? ಬದಲಾಯಿಸಿದ ಹಳೇ ಪಾರ್ಟನ್ನು ವಾಪಸ್ ಕೇಳಿ ತೆಗೆದುಕೊಳ್ಳಿ.

ಇಟ್ಟುಕೊಳ್ಳೋದಾ, ಬಿಡೋದಾ?

ಎಂಜಿನ್ ಕೆಟ್ಟಿದೆ ಅಂತ ಕಾರನ್ನು ಬಿಡಬೇಡಿ. ಬಾಡಿ ಕೊಳೆತಿದ್ದರೆ ಯೋಚಿಸಿ. ಎಂಜಿನ್ ಕೆಲಸಕ್ಕೆ ಒಂದು ಕೊನೆ ಇದೆ. ತುಕ್ಕಿಗೆ ಇಲ್ಲ. ಕಾರ್ಪೆಟ್ ಎತ್ತಿ ಫ್ಲೋರ್ ನೋಡಿ, ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ತೋಳುಗಳು ಬಾಡಿಗೆ ಸೇರುವ ಜಾಗ ನೋಡಿ. ಸ್ಕ್ರೂಡ್ರೈವರಿನಿಂದ ಒತ್ತಿದರೆ ಒಳಗೆ ಹೋಗುವ ಹಾಗಿದ್ದರೆ ಆ ಕಾರಿಗೆ ಎಂಜಿನ್ ಮಾಡಿಸುವ ದುಡ್ಡು ದಂಡ. ಕರಾವಳಿಯ ಉಪ್ಪು ಗಾಳಿಯಲ್ಲಿ ನಿಂತ ಕಾರುಗಳನ್ನು ಇನ್ನೂ ಗಮನವಿಟ್ಟು ನೋಡಬೇಕು.

ಕಾಗದದ ಲೆಕ್ಕವೂ ಇದೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ನೋಡಿ ಐದೈದು ವರ್ಷಕ್ಕೆ ನವೀಕರಿಸುತ್ತಾರೆ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ ₹5,000 ಆಯಿತು, 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ ₹10,000. ಇದರ ಮೇಲೆ ಹಸಿರು ತೆರಿಗೆ. 15 ವರ್ಷ ಆದ ಪೆಟ್ರೋಲ್ ಕಾರು ಓಡಿಸಬಾರದು ಅನ್ನುವ ಮಾತು ಬಂದಿದ್ದು ದೆಹಲಿ ಸುತ್ತಮುತ್ತಲಿಗೆ, ಕರ್ನಾಟಕದಲ್ಲಿ ಫಿಟ್‌ನೆಸ್ ಪಾಸಾದರೆ ಓಡಿಸಬಹುದು. ಬಿಡುವುದೇ ಆದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಳ್ಳಿ. ಹೊಸ ಖಾಸಗಿ ಕಾರಿನ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೂ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಬೀದಿ ಗುಜರಿಗೆ ಹಾಗೇ ಕೊಟ್ಟರೆ ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ.

ನವೀಕರಣ ಹತ್ತಿರ ಬಂದಿದ್ದು ರಿಪೇರಿಯೂ ಬಾಕಿ ಇದ್ದರೆ ಕೆಲಸದ ಕ್ರಮ ಹೀಗಿರಲಿ. ಮೊದಲು ಕಾರನ್ನು ಎತ್ತಿಸಿ ತಳದ ತುಕ್ಕು ನೋಡಿ. ಅದು ಸರಿಯಿದ್ದರೆ ಬ್ರೇಕ್, ಸ್ಟೀರಿಂಗ್, ಟೈರ್, ಲೈಟು ಸರಿಮಾಡಿಸಿ. ಆಮೇಲೆ ಹೊಗೆ ಪರೀಕ್ಷೆ ಪಾಸಾಗುವಷ್ಟು ಎಂಜಿನ್ ಕೆಲಸ, ಅದಾದ ಮೇಲೆ ಆರ್‌ಟಿಒ. ಪೇಂಟು, ಸೀಟು, ಮ್ಯೂಸಿಕ್ ಸಿಸ್ಟಮ್ ಎಲ್ಲ ಹೊಸ ಆರ್‌ಸಿ ಕೈಗೆ ಬಂದ ಮೇಲೆ ಮಾಡಿಸಿ.